ಲ್ಯಾಪ್‌ಟಾಪಿಗೆ ತಂಪುಮಣೆ ಬೇಕೆ?

ಏಪ್ರಿಲ್ ತಿಂಗಳ ಮಧ್ಯಾಹ್ನ ರಾಮನಗರದ ಬಂಡೆಗಳ ನಡುವೆ ನೆರಳಿನ ಗಾಳಿಯೇ 35 ಡಿಗ್ರಿ ಸೆಲ್ಸಿಯಸ್ ಮುಟ್ಟುವುದುಂಟು. ಅಂಥ ಹೊತ್ತಿನಲ್ಲಿ ಶೀಟಿನ ಮಾಡಿನ ಕೆಳಗೆ ಕುಳಿತು ಲ್ಯಾಪ್‌ಟಾಪಿನಲ್ಲಿ ಪಾಠ ನೋಡುವ ವಿದ್ಯಾರ್ಥಿಗೆ ಒಂದು ಅನುಭವ ತಪ್ಪಿದ್ದಲ್ಲ. ಮೊದಲ ಹತ್ತು ನಿಮಿಷ ಯಂತ್ರವು ಸದ್ದಿಲ್ಲದೆ ಕೆಲಸಮಾಡುತ್ತದೆ. ಬಳಿಕ ಕೀಲಿಗಳ ಮೇಲ್ಗಡೆ ಬೆರಳಿಗೆ ಬಿಸಿ ತಾಕುತ್ತದೆ. ಒಳಗಿನಿಂದ ಜೀರುಂಡೆಯಂಥ ಸದ್ದು ಏಳುತ್ತದೆ. ಕೊನೆಗೆ ಓಡುತ್ತಿದ್ದ ಚಿತ್ರವು ತಡೆತಡೆದು ನಡೆಯತೊಡಗುತ್ತದೆ. ಕರ್ನಾಟಕ ಸರ್ಕಾರವು 2020ರಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪುಗಳನ್ನು ಹಂಚಿತು. ಅದೇ ವರ್ಷ ಬಂದ ಸಾಂಕ್ರಾಮಿಕವು ಪಾಠಗಳನ್ನು ಶಾಲೆಯಿಂದ ಮನೆಗೆ ತಂದಿತು. ಅಂದಿನಿಂದ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಂಥ ಊರುಗಳ ಮನೆಗಳಲ್ಲಿ ಈ ಸದ್ದು ಹೊಸದಾಗಿ ಉಳಿದಿಲ್ಲ.

ಇದಕ್ಕೆ ಪರಿಹಾರವೆಂದು ಅಂಗಡಿಗಳಲ್ಲಿ ‘ಕೂಲಿಂಗ್ ಪ್ಯಾಡ್’ ಎಂಬ ವಸ್ತುವನ್ನು ಮಾರುತ್ತಾರೆ. ಜಾಲರಿಯ ಮೇಲ್ಮೈಯುಳ್ಳ ಒಂದು ಮಣೆ; ಅದರೊಳಗೆ ಒಂದರಿಂದ ಐದಾರು ಫ್ಯಾನುಗಳು; ಲ್ಯಾಪ್‌ಟಾಪಿನಿಂದಲೇ ವಿದ್ಯುತ್ತು ಪಡೆಯಲು ಒಂದು ತಂತಿ; ಜೊತೆಗೆ ಏತಕ್ಕೋ ತಿಳಿಯದ ನೀಲಿ ದೀಪಗಳು. ನಾವು ಇದನ್ನು ತಂಪುಮಣೆ ಎಂದು ಕರೆಯೋಣ. ಕೆಲವು ನೂರು ರೂಪಾಯಿಗಳಿಂದ ಕೆಲವು ಸಾವಿರದವರೆಗೆ ಬೆಲೆಯುಳ್ಳ ಈ ಮಣೆ ನಿಜವಾಗಿ ಯಂತ್ರವನ್ನು ತಣಿಸುವುದೆ? ಸದ್ದನ್ನು ಅಡಗಿಸುವುದೆ? ಕೊಂಡವರಲ್ಲಿ ಕೆಲವರು ‘ಅದಿಲ್ಲದೆ ಆಗದು’ ಎನ್ನುತ್ತಾರೆ, ಕೆಲವರು ‘ದುಡ್ಡು ದಂಡ’ ಎನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಅದು ಹೇಗೆಂದು ತಿಳಿಯಬೇಕಾದರೆ ಯಂತ್ರದೊಳಗೆ ಶಾಖವು ಎಲ್ಲಿ ಹುಟ್ಟಿ ಯಾವ ದಾರಿಯಲ್ಲಿ ಹೊರಬೀಳುತ್ತದೆಂಬುದನ್ನು ಹಿಂಬಾಲಿಸಿ ನೋಡಬೇಕು.

ಶಾಖದ ದಾರಿ

ನೀರೆತ್ತುವ ಪಂಪು ತಾನು ಪಡೆದ ವಿದ್ಯುಚ್ಛಕ್ತಿಯ ಒಂದು ಭಾಗವನ್ನು ಮೇಲೇರಿದ ನೀರಿನಲ್ಲಿ ಕೂಡಿಡುತ್ತದೆ. ಲೆಕ್ಕಮಾಡುವ ಯಂತ್ರಕ್ಕೆ ಆ ಭಾಗ್ಯವಿಲ್ಲ. ಎರಡು ಸಂಖ್ಯೆಗಳನ್ನು ಕೂಡಿದ ಮಾತ್ರಕ್ಕೆ ಅಲ್ಲಿ ಯಾವ ಶಕ್ತಿಯೂ ಸಂಗ್ರಹವಾಗುವುದಿಲ್ಲ. ಚಿಪ್ಪಿನೊಳಗಿನ ಕೋಟ್ಯಂತರ ಟ್ರಾನ್ಸಿಸ್ಟರುಗಳು ಸೆಕೆಂಡಿಗೆ ನೂರಾರು ಕೋಟಿ ಸಲ ತೆರೆದು ಮುಚ್ಚುವಾಗ ಒಳಹೋದ ವಿದ್ಯುತ್ತೆಲ್ಲ ಶಾಖವಾಗಿ ಮಾರ್ಪಡುತ್ತದೆ. ಕಷ್ಟದ ಕೆಲಸದಲ್ಲಿ ತೊಡಗಿದ ಸಾಧಾರಣ ಲ್ಯಾಪ್‌ಟಾಪು 45 ವಾಟ್ ಶಕ್ತಿಯನ್ನು ಬಳಸುತ್ತಿದ್ದರೆ, ಅದು 45 ವಾಟಿನ ಒಲೆಯೇ ಸರಿ. ಒಲೆಯೆಂದರೆ ಚಿಕ್ಕದು, ನಿಜ. ಆದರೆ ಅದರ ಬಹುಭಾಗ ಹುಟ್ಟುವುದು ಉಗುರಿನಷ್ಟು ಅಗಲದ ಒಂದು ಸಿಲಿಕಾನ್ ಬಿಲ್ಲೆಯಲ್ಲಿ. ಅಲ್ಲಿಂದ ಶಾಖವನ್ನು ಬೇಗನೆ ಸಾಗಿಸದಿದ್ದರೆ ಬಿಲ್ಲೆಯ ಉಷ್ಣತೆ ಕೆಲವೇ ಸೆಕೆಂಡುಗಳಲ್ಲಿ ಮಿತಿಮೀರುತ್ತದೆ.

ಸಾಗಣೆಯ ಮೊದಲ ಮೆಟ್ಟಿಲು ಒಂದು ಲೇಪ. ಬಿಲ್ಲೆಗೂ ಅದರ ಮೇಲಿರುವ ತಾಮ್ರದ ಫಲಕಕ್ಕೂ ನಡುವೆ ಕಣ್ಣಿಗೆ ಕಾಣದ ಸಂದುಗಳಿರುತ್ತವೆ. ಅವುಗಳಲ್ಲಿ ಗಾಳಿ ನಿಂತರೆ ಶಾಖ ದಾಟದು. ಆದಕಾರಣ ಒಂದು ಉಷ್ಣವಾಹಕ ಲೇಪವನ್ನು ಹಚ್ಚಿ ಆ ಸಂದುಗಳನ್ನು ತುಂಬುತ್ತಾರೆ. ಎರಡನೆಯ ಮೆಟ್ಟಿಲು ಬಹು ಸ್ವಾರಸ್ಯವಾದುದು. ಅದರ ಹೆಸರು ಶಾಖನಳಿಗೆ. ಅಮೆರಿಕದ ಜನರಲ್ ಮೋಟರ್ಸ್ ಸಂಸ್ಥೆಯ ರಿಚರ್ಡ್ ಗಾಗ್ಲರ್ ಎಂಬ ಇಂಜಿನಿಯರು 1944ರಲ್ಲಿ ಇದಕ್ಕೆ ಪೇಟೆಂಟು ಪಡೆದರೂ ಯಾರೂ ಅದನ್ನು ಗಮನಿಸಲಿಲ್ಲ. 1963ರಲ್ಲಿ ಲಾಸ್ ಅಲಮಾಸ್ ಪ್ರಯೋಗಾಲಯದ ಜಾರ್ಜ್ ಗ್ರೋವರ್ ಅದನ್ನು ಸ್ವತಂತ್ರವಾಗಿ ಮತ್ತೆ ಕಂಡುಹಿಡಿದ ಮೇಲೆಯೇ ಅದು ಬಳಕೆಗೆ ಬಂದಿತು.

ಇದರ ತತ್ವವನ್ನು ಅರಿಯಲು ಲಾಸ್ ಅಲಮಾಸಿಗೆ ಹೋಗಬೇಕಾಗಿಲ್ಲ. ರಾಮನಗರದಿಂದ ಬೆಂಗಳೂರಿನ ದಾರಿಯಲ್ಲಿರುವ ಬಿಡದಿಯಲ್ಲಿ ಇಳಿದರೆ ಸಾಕು. ಅಲ್ಲಿನ ಹೆಸರಾಂತ ತಟ್ಟೆ ಇಡ್ಲಿ ಬೇಯುವುದು ಬೆಂಕಿಯಿಂದ ನೇರವಾಗಿ ಅಲ್ಲ, ಹಬೆಯಿಂದ. ತಳದ ನೀರು ಶಾಖವನ್ನು ನುಂಗಿ ಹಬೆಯಾಗಿ ಮೇಲೇರುತ್ತದೆ. ತಣ್ಣನೆಯ ತಟ್ಟೆಯನ್ನು ಮುಟ್ಟಿದೊಡನೆ ಮತ್ತೆ ನೀರಾಗಿ, ನುಂಗಿದ್ದ ಶಾಖವನ್ನೆಲ್ಲ ಅಲ್ಲಿ ಸುರಿಯುತ್ತದೆ. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಕಾಯಿಸಲು 4.2 ಜೂಲು ಶಕ್ತಿ ಸಾಕಾದರೆ, ಅದೇ ಗ್ರಾಂ ನೀರನ್ನು ಹಬೆಮಾಡಲು ಸುಮಾರು 2,260 ಜೂಲು ಬೇಕು. ಹಬೆಯು ಹೊತ್ತು ತರುವ ಮೂಟೆ ಎಷ್ಟು ದೊಡ್ಡದೆಂಬುದು ಇದರಿಂದ ತಿಳಿಯುತ್ತದೆ. ಶಾಖನಳಿಗೆಯೂ ಇಂಥದೇ ಒಂದು ಪುಟ್ಟ ಇಡ್ಲಿಪಾತ್ರೆ. ಮುಚ್ಚಿದ ತಾಮ್ರದ ಕೊಳವೆಯೊಳಗಿನ ಗಾಳಿಯನ್ನು ತೆಗೆದು ಕೊಂಚ ನೀರನ್ನು ಇಟ್ಟಿರುತ್ತಾರೆ. ಒತ್ತಡ ಕಡಮೆಯಾದ್ದರಿಂದ ಆ ನೀರು 40, 50 ಡಿಗ್ರಿಗೇ ಕುದಿಯುತ್ತದೆ. ಬಿಲ್ಲೆಯ ಬಳಿ ಹಬೆಯಾಗಿ, ಇನ್ನೊಂದು ತುದಿಗೆ ಧಾವಿಸಿ, ಅಲ್ಲಿ ನೀರಾಗಿ, ಕೊಳವೆಯ ಒಳಮೈಯಲ್ಲಿರುವ ಬತ್ತಿಯಂಥ ಪದರದ ಮೂಲಕ ಹಿಂದಿರುಗುತ್ತದೆ. ಇಷ್ಟಕ್ಕೂ ಒಂದು ಚಕ್ರವೂ ಇಲ್ಲ, ಮೋಟಾರೂ ಇಲ್ಲ.

ಕೊಳವೆಯ ಆ ತುದಿಗೆ ಹಾಳೆಯಷ್ಟು ತೆಳುವಾದ ಲೋಹದ ರೆಕ್ಕೆಗಳನ್ನು ಸಾಲಾಗಿ ಬೆಸೆದಿರುತ್ತಾರೆ. ಫ್ಯಾನು ಅವುಗಳ ನಡುವೆ ಗಾಳಿಯನ್ನು ತಳ್ಳುತ್ತದೆ. ಕಾದ ಗಾಳಿ ಯಂತ್ರದ ಪಕ್ಕದಿಂದಲೋ ಹಿಂಬದಿಯಿಂದಲೋ ಹೊರಹೋಗುತ್ತದೆ. ಬಹುಮಟ್ಟಿನ ಲ್ಯಾಪ್‌ಟಾಪುಗಳು ಹೊಸ ಗಾಳಿಯನ್ನು ಸೇದಿಕೊಳ್ಳುವುದು ತಳದಲ್ಲಿರುವ ರಂಧ್ರಗಳಿಂದ. ತಂಪುಮಣೆಯ ವ್ಯವಹಾರವೆಲ್ಲ ಈ ಕಡೆಯ ಮೆಟ್ಟಿಲಿನಲ್ಲಿ ಮಾತ್ರ. ಮೊದಲ ಎರಡು ಮೆಟ್ಟಿಲುಗಳಿಗೆ ಅದರ ಕೈ ತಾಗುವುದೇ ಇಲ್ಲ.

ಎಷ್ಟು ಗಾಳಿ ಬೇಕು?

ಇದನ್ನು ಬಾಯಿಲೆಕ್ಕದಲ್ಲಿಯೇ ಹೇಳಬಹುದು. ರಾಮನಗರದ ಎತ್ತರದಲ್ಲಿ, ಬೇಸಗೆಯಲ್ಲಿ, ಒಂದು ಲೀಟರು ಗಾಳಿ ಸುಮಾರು ಒಂದು ಗ್ರಾಂ ತೂಗುತ್ತದೆ. ಒಂದು ಗ್ರಾಂ ಗಾಳಿಯನ್ನು ಒಂದು ಡಿಗ್ರಿ ಕಾಯಿಸಲು ಸುಮಾರು ಒಂದು ಜೂಲು ಬೇಕು. ಲ್ಯಾಪ್‌ಟಾಪಿನ ಮೂಲಕ ಹಾಯುವ ಗಾಳಿ 15 ಡಿಗ್ರಿ ಕಾಯುವುದಾದರೆ ಪ್ರತಿ ಲೀಟರೂ 15 ಜೂಲು ಹೊತ್ತೊಯ್ಯುತ್ತದೆ. 45 ವಾಟ್ ಎಂದರೆ ಸೆಕೆಂಡಿಗೆ 45 ಜೂಲು. ಆದ್ದರಿಂದ ಸೆಕೆಂಡಿಗೆ 3 ಲೀಟರು, ನಿಮಿಷಕ್ಕೆ 180 ಲೀಟರು ಗಾಳಿ ಬೇಕು. ಬಿಂದಿಗೆಯ ಅಳತೆಯಲ್ಲಿ ಹೇಳುವುದಾದರೆ, ಐದು ಸೆಕೆಂಡಿಗೆ ಒಂದು ದೊಡ್ಡ ಬಿಂದಿಗೆ ಗಾಳಿ. ಈ ಹರಿವು ಅರ್ಧಕ್ಕೆ ಇಳಿದರೆ ಹೊರಬರುವ ಗಾಳಿ 15ರ ಬದಲು 30 ಡಿಗ್ರಿ ಕಾಯಬೇಕಾಗುತ್ತದೆ. 35 ಡಿಗ್ರಿಯ ಕೋಣೆಯಲ್ಲಿ ಅದು 65 ಡಿಗ್ರಿಯ ಬಿಸಿಯುಸಿರು.

ಈಗ ಯಂತ್ರದ ತಳವನ್ನು ನೋಡೋಣ. ಅದರ ರಬ್ಬರು ಕಾಲುಗಳ ಎತ್ತರ ಎಷ್ಟು? ಎರಡು ಮೂರು ಮಿಲಿಮೀಟರು. ಗಾಳಿ ಸೇದುವ ರಂಧ್ರಗಳು 5 ಸೆಂಟಿಮೀಟರು ವ್ಯಾಸದ ಒಂದು ವೃತ್ತವನ್ನು ತುಂಬಿವೆಯೆಂದು ಇಟ್ಟುಕೊಳ್ಳೋಣ. ಆ ವೃತ್ತದ ವಿಸ್ತೀರ್ಣ ಸುಮಾರು 20 ಚದರ ಸೆಂಟಿಮೀಟರು. ಆದರೆ ಗಾಳಿಯು ಅಲ್ಲಿಗೆ ತಲುಪಬೇಕಾದರೆ ಮೇಜಿಗೂ ತಳಕ್ಕೂ ನಡುವಣ ಸಂದಿನಲ್ಲಿ ನುಸುಳಿ ಬರಬೇಕು. ವೃತ್ತದ ಸುತ್ತಳತೆ ಸುಮಾರು 16 ಸೆಂಟಿಮೀಟರು, ಸಂದಿನ ಎತ್ತರ 2 ಮಿಲಿಮೀಟರು. ಅಂದರೆ ಗಾಳಿಗೆ ದೊರೆತ ಬಾಗಿಲು ಕೇವಲ 3 ಚದರ ಸೆಂಟಿಮೀಟರು! ಒಳಬಾಗಿಲು ಇಪ್ಪತ್ತು, ಹೊರಬಾಗಿಲು ಮೂರು. ಮೇಜಿನ ಮೇಲೆಯೇ ಹೀಗಾದರೆ ಹಾಸಿಗೆಯ ಮೇಲಿನ ಗತಿ ಹೇಳಬೇಕಾಗಿಲ್ಲ. ಹತ್ತಿಯ ಹಾಸಿಗೆ ತಗ್ಗಿ ರಂಧ್ರಗಳಿಗೆ ಅಂಟಿಕೊಳ್ಳುತ್ತದೆ. ಬಾಗಿಲು ಪೂರ್ತಿ ಮುಚ್ಚಿದಂತೆ.

ಯಂತ್ರವನ್ನು ಎಷ್ಟು ಎತ್ತಿದರೆ ಸಾಕು ಎಂಬುದನ್ನೂ ಇದೇ ಲೆಕ್ಕ ತಿಳಿಸುತ್ತದೆ. ಸಂದಿನ ಎತ್ತರವು ವೃತ್ತದ ತ್ರಿಜ್ಯದ ಅರ್ಧವಾದಾಗ, ಅಂದರೆ ಇಲ್ಲಿ ಒಂದೂಕಾಲು ಸೆಂಟಿಮೀಟರಾದಾಗ, ಎರಡು ಬಾಗಿಲುಗಳೂ ಸಮವಾಗುತ್ತವೆ. ಅದಕ್ಕಿಂತ ಹೆಚ್ಚು ಎತ್ತಿದ್ದರಿಂದ ಹೆಚ್ಚಿನ ಲಾಭವಿಲ್ಲ. ಹಿಂಬದಿಯ ಎರಡು ಮೂಲೆಗಳ ಕೆಳಗೆ ಎರಡು ಸೆಂಟಿಮೀಟರು ದಪ್ಪದ ಎರಡು ಮರದ ತುಂಡುಗಳನ್ನು ಇಟ್ಟರೆ ಕಾರ್ಯ ಸಾಧಿಸಿತು. ಚನ್ನಪಟ್ಟಣದ ಯಾವ ಗೊಂಬೆ ಕಾರ್ಖಾನೆಯ ಮೂಲೆಯಲ್ಲಾದರೂ ಇಂಥ ತುಂಡುಗಳು ಬಿದ್ದಿರುತ್ತವೆ. ತಂಪುಮಣೆಯಿಂದ ದೊರೆಯುವ ಲಾಭದ ಒಂದು ದೊಡ್ಡ ಪಾಲು ಅದರ ಫ್ಯಾನುಗಳಿಂದ ಬರುವುದಲ್ಲ, ಅದು ಯಂತ್ರವನ್ನು ನೆಲದಿಂದ ಎತ್ತಿ ಹಿಡಿಯುವುದರಿಂದ ಬರುವುದು ಎಂಬುದು ನಮ್ಮ ಅಭಿಪ್ರಾಯ. ಆ ಪಾಲನ್ನು ಬಿಡಿಕಾಸಿಲ್ಲದೆ ಪಡೆಯಬಹುದು.

ಮರವು ಶಾಖವನ್ನು ಹೀರಲಾರದಲ್ಲ ಎಂದು ಯಾರಾದರೂ ಕೇಳಬಹುದು. ಹೀರಲಾರದು, ದಿಟ. ಚನ್ನಪಟ್ಟಣದ ಕಸುಬೆಲ್ಲ ನಿಂತಿರುವುದೇ ಮರದ ಆ ಗುಣದ ಮೇಲೆ. ಅಲ್ಲಿನ ಕುಶಲಿಗಳು ತಿರುಗುವ ಆಲೆಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಬೆಂಕಿಯಿಲ್ಲ, ನೀರಿಲ್ಲ, ಉಜ್ಜಿಕೆಯ ಶಾಖದಿಂದಲೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಮರವು ಒಳ್ಳೆಯ ವಾಹಕವಾಗಿದ್ದರೆ ಆ ಶಾಖ ಒಳಕ್ಕೆ ಹರಿದು ಚದರಿಹೋಗುತ್ತಿತ್ತು, ಅರಗು ಅಷ್ಟು ಸುಲಭವಾಗಿ ಕರಗುತ್ತಿರಲಿಲ್ಲ. ಆದರೆ ನಮಗಿಲ್ಲಿ ಮರದಿಂದ ಬೇಕಾದುದು ವಾಹಕತೆಯಲ್ಲ, ಎತ್ತರ. ಶಾಖವನ್ನು ಒಯ್ಯುವ ಕೆಲಸ ಗಾಳಿಯದು.

ಫ್ಯಾನು ಗಾಳಿಯನ್ನು ತಣಿಸದು

ತಂಪುಮಣೆಯ ಹೆಸರಿನಲ್ಲಿಯೇ ಒಂದು ಭ್ರಮೆ ಅಡಗಿದೆ. ಫ್ಯಾನಿನ ಕೆಳಗೆ ಕುಳಿತಾಗ ನಮಗೆ ತಂಪೆನಿಸುವುದರಿಂದ ಫ್ಯಾನು ಗಾಳಿಯನ್ನು ತಣ್ಣಗೆ ಮಾಡುತ್ತದೆಂದು ಎಣಿಸುತ್ತೇವೆ. ಒಂದು ಉಷ್ಣಮಾಪಕವನ್ನು ಫ್ಯಾನಿನ ಎದುರು ಹಿಡಿದು ನೋಡಿ. ಪಾದರಸವಾಗಲಿ ಅಂಕಿಯಾಗಲಿ ಕೆಳಗಿಳಿಯುವುದಿಲ್ಲ. ನಮಗೆ ತಂಪಾಗುವುದು ಮೈಯ ಬೆವರು ಬೇಗ ಆರುವುದರಿಂದ. ರೇಷ್ಮೆಹುಳು ಸಾಕುವ ಈ ಸೀಮೆಯ ರೈತರು ಇದನ್ನು ಚೆನ್ನಾಗಿ ಬಲ್ಲರು. ಹುಳುವಿಗೆ 24ರಿಂದ 28 ಡಿಗ್ರಿಯ ಹಿತವಾದ ಹವೆ ಬೇಕು. ಬೇಸಗೆಯಲ್ಲಿ ಅವರು ಕಿಟಕಿಗಳಿಗೆ ಗೋಣಿತಾಟು ಕಟ್ಟಿ ಅದಕ್ಕೆ ನೀರೆರಚುತ್ತಾರೆ. ನೀರು ಆವಿಯಾಗುವಾಗ ಗಾಳಿಯ ಶಾಖವನ್ನು ಸೆಳೆದುಕೊಳ್ಳುತ್ತದೆ. ಒಳಬರುವ ಗಾಳಿ ಹೊರಗಿನದಕ್ಕಿಂತ ನಿಜಕ್ಕೂ ತಂಪಾಗಿರುತ್ತದೆ. ಲ್ಯಾಪ್‌ಟಾಪು ಬೆವರುವುದಿಲ್ಲ, ಅದರ ಕೆಳಗೆ ಒದ್ದೆ ಗೋಣಿಯನ್ನು ಹಾಸುವಂತೆಯೂ ಇಲ್ಲ. ಆದ್ದರಿಂದ 35 ಡಿಗ್ರಿಯ ಕೋಣೆಯಲ್ಲಿ ತಂಪುಮಣೆ ಊದುವುದು 35 ಡಿಗ್ರಿಯ ಗಾಳಿಯನ್ನೇ. ಯಂತ್ರದ ಯಾವ ಭಾಗವೂ ಕೋಣೆಗಿಂತ ತಣ್ಣಗಾಗಲಾರದು. ಜಾಲರಿಯಿಂದ ಹೊರಡುವ ನೀಲಿ ಬೆಳಕು ಎಷ್ಟೇ ಶೀತಲವಾಗಿ ಕಂಡರೂ ಅಷ್ಟೆ.

ಹಾಗಾದರೆ ಹೆಚ್ಚಿನ ಗಾಳಿಯಿಂದ ಎಷ್ಟು ಲಾಭ? ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಕೋಣೆ 35 ಡಿಗ್ರಿ, ಬಿಲ್ಲೆ 90 ಡಿಗ್ರಿ. ನಡುವಣ ಅಂತರ 55. ಇದರಲ್ಲಿ 35 ಡಿಗ್ರಿಯ ಇಳಿತ ಬಿಲ್ಲೆಯಿಂದ ರೆಕ್ಕೆಗಳವರೆಗೆ, ಉಳಿದ 20 ರೆಕ್ಕೆಗಳಿಂದ ಗಾಳಿಗೆ ಎಂದು ಭಾವಿಸೋಣ. ಎತ್ತಿ ನಿಲ್ಲಿಸಿದ ಯಂತ್ರಕ್ಕೆ ತಂಪುಮಣೆಯ ಫ್ಯಾನು ಐದನೆಯ ಒಂದು ಪಾಲಿನಷ್ಟು ಹೆಚ್ಚು ಗಾಳಿಯನ್ನು ಒದಗಿಸಿತೆನ್ನಿ. ಕಡೆಯ 20 ಡಿಗ್ರಿ ಸುಮಾರು 17ಕ್ಕೆ ಇಳಿಯುತ್ತದೆ. ಲಾಭ ಮೂರೇ ಡಿಗ್ರಿ. ಇನ್ನೊಂದು ಯಂತ್ರ ಹಾಸಿಗೆಯ ಮೇಲಿದ್ದು ಗಾಳಿ ಅರ್ಧಕ್ಕೆ ಇಳಿದಿತ್ತೆನ್ನಿ. ಅಲ್ಲಿ ಆ 20 ಡಿಗ್ರಿ 40 ಆಗಿರುತ್ತದೆ. ಅದನ್ನು ಎತ್ತಿ ಮಣೆಯ ಮೇಲಿಟ್ಟರೆ ಇಪ್ಪತ್ತಕ್ಕೂ ಹೆಚ್ಚು ಡಿಗ್ರಿಯ ಲಾಭ. ಮೂರನೆಯ ಯಂತ್ರದಲ್ಲಿ ಉಷ್ಣಲೇಪ ಒಣಗಿ ಮೊದಲ 35 ಡಿಗ್ರಿ 50 ಆಗಿದೆ. ಅಲ್ಲಿ ಮಣೆ ಮತ್ತೆ ಅದೇ ಮೂರು ಡಿಗ್ರಿಯನ್ನು ಇಳಿಸಿ ಕೈಚೆಲ್ಲುತ್ತದೆ. ಒಂದೇ ಮಣೆ, ಮೂರು ಯಂತ್ರ, ಮೂರು ಬಗೆಯ ಅನುಭವ. ಕೊಂಡವರ ಮಾತುಗಳು ಒಂದಕ್ಕೊಂದು ಹೊಂದದಿರುವುದು ಏಕೆಂದು ಈಗ ಗೊತ್ತಾಗುತ್ತದೆ.

ಮಣೆಗಳಲ್ಲಿಯೂ ಭೇದಗಳುಂಟು. ಸ್ಪಂಜಿನ ಅಂಚುಗಳಿಂದ ಯಂತ್ರದ ತಳಕ್ಕೆ ಬಿಗಿಯಾಗಿ ಒತ್ತಿಕೊಂಡು, ಒಂದು ದೊಡ್ಡ ಫ್ಯಾನಿನಿಂದ ಗಾಳಿಯನ್ನು ನೇರವಾಗಿ ಒಳಕ್ಕೆ ನುಗ್ಗಿಸುವಂಥವು ಆಟದ ಯಂತ್ರಗಳಲ್ಲಿ ಸಾಕಷ್ಟು ಫಲ ಕೊಡುತ್ತವೆ. ಅವುಗಳ ಗದ್ದಲವೂ ಅದಕ್ಕೆ ತಕ್ಕಂತೆಯೇ ಇರುತ್ತದೆ. ಬರಿಯ ಜಾಲರಿಯ ಕೆಳಗೆ ಪುಟ್ಟ ಫ್ಯಾನುಗಳನ್ನು ಎಲ್ಲೆಂದರಲ್ಲಿ ಜೋಡಿಸಿದವು ರಂಧ್ರಗಳಿಲ್ಲದ ಕಡೆಗೆ ಊದಿದರೆ ತಳದ ಪ್ಲಾಸ್ಟಿಕ್ಕು ಕೊಂಚ ತಣಿದೀತು, ಬಿಲ್ಲೆಗೆ ಅದರ ಸುದ್ದಿಯೂ ತಲುಪದು.

ಸದ್ದಿನ ಗಣಿತ

ಶಬ್ದದ ವಿಷಯಕ್ಕೆ ಬಂದರೆ ಲೆಕ್ಕ ಇನ್ನೂ ವಿಚಿತ್ರವಾಗಿದೆ. ಫ್ಯಾನಿನ ವೇಗ ಹೆಚ್ಚಿದಂತೆ ಅದರ ಶಬ್ದಶಕ್ತಿ ಸುಮಾರಾಗಿ ವೇಗದ ಐದನೆಯ ಘಾತದಂತೆ ಏರುತ್ತದೆ. ಇದರ ಒಳ್ಳೆಯ ಮುಖವೆಂದರೆ, ವೇಗವನ್ನು ಶೇಕಡ 20ರಷ್ಟು ತಗ್ಗಿಸಿದರೆ ಶಬ್ದ 5 ಡೆಸಿಬೆಲ್ ತಗ್ಗುತ್ತದೆ. ಅರ್ಧಕ್ಕೆ ಇಳಿಸಿದರೆ 15 ಡೆಸಿಬೆಲ್. ಯಂತ್ರಕ್ಕೆ ಗಾಳಿ ಸಲೀಸಾಗಿ ದೊರೆತರೆ ಅದರೊಳಗಿನ ಪುಟ್ಟ ಫ್ಯಾನು ಕೊಂಚ ನಿಧಾನವಾಗಬಹುದು. ಆ ಕೊಂಚದಿಂದಲೇ ಕಿವಿಗೆ ಬಹಳ ನೆಮ್ಮದಿ.

ಆದರೆ ತಂಪುಮಣೆಗೂ ತನ್ನದೇ ಧ್ವನಿಯುಂಟಲ್ಲ! ಡೆಸಿಬೆಲ್ಲುಗಳನ್ನು ಸಾಧಾರಣ ಸಂಖ್ಯೆಗಳಂತೆ ಕೂಡಲಾಗದು. ಸಮಾನವಾದ ಎರಡು ಶಬ್ದಗಳು ಸೇರಿದರೆ 3 ಡೆಸಿಬೆಲ್ ಹೆಚ್ಚುತ್ತದೆ. ಒಂದು ಲ್ಯಾಪ್‌ಟಾಪಿನ ಸದ್ದು 40 ಡೆಸಿಬೆಲ್ ಇತ್ತು, ಮಣೆಯ ನೆರವಿನಿಂದ 35ಕ್ಕೆ ಇಳಿಯಿತೆನ್ನಿ. ಮಣೆಯ ಸದ್ದೂ 35 ಇದ್ದರೆ ಎರಡೂ ಸೇರಿ 38. ಉಳಿತಾಯ 2 ಡೆಸಿಬೆಲ್, ಕಿವಿಗೆ ತಿಳಿಯುವುದೇ ಕಷ್ಟ. ಮಣೆಯ ಸದ್ದು 40 ಇದ್ದರೆ ಒಟ್ಟು 41ನ್ನು ದಾಟುತ್ತದೆ. ಸದ್ದಡಗಿಸಲು ತಂದ ವಸ್ತುವೇ ಸದ್ದನ್ನು ಹೆಚ್ಚಿಸಿದಂತಾಯಿತು. ದೊಡ್ಡ ಫ್ಯಾನು ಮೆಲ್ಲಗೆ ತಿರುಗುವ ಮಣೆಗೆ ಒಂದು ಮಾತನ್ನು ಅನುಕೂಲವಾಗಿ ಹೇಳಬಹುದು. ಅದರ ಸ್ವರ ತಗ್ಗಿನದು. ಲ್ಯಾಪ್‌ಟಾಪಿನ ಪುಟ್ಟ ಫ್ಯಾನಿನ ಕೀರಲುಸ್ವರದಷ್ಟು ಅದು ಕಿವಿಯನ್ನು ಕೊರೆಯದು. ಮರದ ತುಂಡುಗಳಾದರೋ ಪೂರ್ಣ ಮೌನಿಗಳು.

ಅಳೆಯುವವರು ಎಡವುವ ಜಾಗ

ಮಣೆಯನ್ನು ಕೊಂಡವರು ಮೊದಲು ಮಾಡುವುದು ಉಷ್ಣತೆಯನ್ನು ತೋರಿಸುವ ತಂತ್ರಾಂಶವನ್ನು ತೆರೆದು ನೋಡುವುದು. ‘ಮೊದಲೂ 95, ಈಗಲೂ 95, ಏನೂ ಪ್ರಯೋಜನವಿಲ್ಲ’ ಎಂದು ಅವರು ತೀರ್ಮಾನಿಸುತ್ತಾರೆ. ಈ ತೀರ್ಮಾನ ಅವಸರದ್ದು. ಇಂದಿನ ಸಂಸ್ಕಾರಕಗಳು 100 ಡಿಗ್ರಿಯ ಆಸುಪಾಸಿನಲ್ಲಿ ಒಂದು ಗಡಿಯನ್ನು ಹಾಕಿಕೊಂಡಿರುತ್ತವೆ. ಗಡಿ ಸಮೀಪಿಸಿದೊಡನೆ ತಮ್ಮ ವೇಗವನ್ನು ತಾವೇ ಕುಗ್ಗಿಸಿಕೊಳ್ಳುತ್ತವೆ. ಮೊದಲು ಹೇಳಿದ ತಡೆತಡೆದು ನಡೆಯುವ ಚಿತ್ರಕ್ಕೆ ಇದೇ ಕಾರಣ. ಗಾಳಿ ಚೆನ್ನಾಗಿ ಸಿಕ್ಕರೆ ಸಂಸ್ಕಾರಕವು ಆ ಅನುಕೂಲವನ್ನು ಉಷ್ಣತೆ ಇಳಿಸಲು ಬಳಸದೆ ವೇಗ ಹೆಚ್ಚಿಸಲು ಬಳಸಬಹುದು. ಆಗ ಉಷ್ಣತೆ ಇದ್ದಲ್ಲಿಯೇ ಇದ್ದು ಕೆಲಸ ಬೇಗ ಮುಗಿಯುತ್ತದೆ. ಇಲ್ಲವೆ ಒಳಗಿನ ಫ್ಯಾನು ನಿಧಾನವಾಗಿ, ಉಷ್ಣತೆ ಹಾಗೆಯೇ ಉಳಿದು, ಸದ್ದು ಮಾತ್ರ ತಗ್ಗುತ್ತದೆ. ಆದ್ದರಿಂದ ಉಷ್ಣತೆ, ವೇಗ, ಸದ್ದು ಮೂರನ್ನೂ ಒಟ್ಟಿಗೆ ನೋಡದೆ ತೀರ್ಪು ಕೊಡಲಾಗದು.

ಕಾಲೇಜಿನ ವಿದ್ಯಾರ್ಥಿಗಳು ಇಬ್ಬರು ಮೂವರು ಸೇರಿ ಈ ಪರೀಕ್ಷೆಯನ್ನು ಒಂದು ಭಾನುವಾರ ಮಾಡಿ ಮುಗಿಸಬಹುದು. ಒಂದೇ ಕೋಣೆ, ಒಂದೇ ಕೆಲಸ. ಅರ್ಧ ಗಂಟೆಯ ಒಂದು ವೀಡಿಯೊವನ್ನು ಪರಿವರ್ತಿಸುವ ಕೆಲಸವಾದರೆ ಒಳ್ಳೆಯದು. ಯಂತ್ರವನ್ನು ಮೊದಲು ಬರಿಯ ಮೇಜಿನ ಮೇಲೆ, ಆಮೇಲೆ ಮರದ ತುಂಡುಗಳ ಮೇಲೆ, ಆಮೇಲೆ ಫ್ಯಾನು ನಿಲ್ಲಿಸಿದ ತಂಪುಮಣೆಯ ಮೇಲೆ, ಕಡೆಗೆ ಫ್ಯಾನು ಓಡುವ ಮಣೆಯ ಮೇಲೆ ಇಟ್ಟು ನೋಡಬೇಕು. ಒಂದೊಂದು ಸಲವೂ ಕೋಣೆಯ ಉಷ್ಣತೆಯನ್ನು ಬರೆದುಕೊಳ್ಳಬೇಕು. ಬೆಳಗ್ಗೆ ಒಂದು, ಮಧ್ಯಾಹ್ನ ಇನ್ನೊಂದು ಎಂದು ಅಳೆದರೆ ಬಿಸಿಲಿನ ವ್ಯತ್ಯಾಸವೇ ಮಣೆಯ ಮಹಿಮೆಯಾಗಿ ಕಂಡೀತು. ಸದ್ದನ್ನು ಮೊಬೈಲಿನಿಂದ, ಒಂದೇ ದೂರದಲ್ಲಿಟ್ಟು ಅಳೆಯಬಹುದು. ಅಂಕಿ ನಿಖರವಲ್ಲದಿದ್ದರೂ ಹೋಲಿಕೆಗೆ ಸಾಕು. ಬಳಿಕ ಇಡೀ ಸರಣಿಯನ್ನು ಹಿಂದುಮುಂದಾಗಿ ಮತ್ತೊಮ್ಮೆ ಮಾಡಬೇಕು. ಎರಡನೆಯದಕ್ಕೂ ನಾಲ್ಕನೆಯದಕ್ಕೂ ಹೇಳಿಕೊಳ್ಳುವಂಥ ಭೇದ ಕಾಣದಿದ್ದರೆ, ಮಣೆಯನ್ನು ಸ್ನೇಹಿತನಿಂದ ಎರವಲು ತಂದದ್ದು ಜಾಣತನವಾಯಿತು.

ಹಾಗೆ ಉಳಿದ ಹಣದಲ್ಲಿ ಮಾಡಬೇಕಾದ ಕೆಲಸ ಬೇರೆಯಿದೆ. ಕನಕಪುರದ ಕಡೆಯ ಕಲ್ಲುಗಣಿಗಳ ಹತ್ತಿರ, ಲಾರಿ ಓಡಾಡುವ ರಸ್ತೆಯ ಮಗ್ಗುಲಲ್ಲಿ ವಾಸಿಸುವವರಿಗೆ ಧೂಳಿನ ವಿಷಯ ಹೇಳಬೇಕಾಗಿಲ್ಲ. ನಿಮಿಷಕ್ಕೆ 180 ಲೀಟರು ಗಾಳಿ ಸೇದುವ ಯಂತ್ರ ಅದರೊಡನೆ ಧೂಳನ್ನೂ ನೂಲೆಳೆಗಳನ್ನೂ ಸೇದುತ್ತದೆ. ಅವೆಲ್ಲ ಫ್ಯಾನಿಗೂ ರೆಕ್ಕೆಗಳಿಗೂ ನಡುವೆ ಕಂಬಳಿಯಂತೆ ಹೆಣೆದುಕೊಳ್ಳುತ್ತವೆ. ಎರಡು ಮೂರು ವರ್ಷ ತೆರೆದು ನೋಡದ ಯಂತ್ರದಲ್ಲಿ ಈ ಕಂಬಳಿಯನ್ನು ತೆಗೆಸಿ, ಒಣಗಿದ ಲೇಪವನ್ನು ಬದಲಿಸಿದರೆ ಯಾವ ಮಣೆಯೂ ಕೊಡದಷ್ಟು ಲಾಭ ದೊರೆಯುವುದುಂಟು. ಗಾಳಿ ಊದಿ ಧೂಳು ತೆಗೆಯುವವರು ಫ್ಯಾನಿನ ಎಲೆಗಳನ್ನು ಕಡ್ಡಿಯಿಂದ ತಡೆಹಿಡಿಯಬೇಕು. ಬಿರುಸಾದ ಗಾಳಿಗೆ ಅದು ಅಳತೆಮೀರಿ ತಿರುಗಿ ಹಾಳಾಗಬಹುದು.

ಶಾಖವನ್ನು ಸಾಗಿಸುವುದಕ್ಕಿಂತ ಹುಟ್ಟದಂತೆ ಮಾಡುವುದು ಇನ್ನೂ ಸುಲಭ. ಬಿಲ್ಲೆಯ ಶಾಖವು ಅದರ ವೇಗಕ್ಕೂ ವೋಲ್ಟೇಜಿನ ವರ್ಗಕ್ಕೂ ಅನುಪಾತವಾಗಿರುತ್ತದೆ. ವೇಗವನ್ನು ಶೇಕಡ 20ರಷ್ಟು ಇಳಿಸಿ, ಅದಕ್ಕೆ ತಕ್ಕಂತೆ ವೋಲ್ಟೇಜು ಶೇಕಡ 10ರಷ್ಟು ಇಳಿದರೆ, 0.8ನ್ನು 0.81ರಿಂದ ಗುಣಿಸಿ ನೋಡಿ: ಶಾಖವು ಮೊದಲಿನ ಶೇಕಡ 65ಕ್ಕೆ ಇಳಿಯುತ್ತದೆ. ವೇಗದ ಐದನೆಯ ಒಂದು ಪಾಲನ್ನು ಬಿಟ್ಟುಕೊಟ್ಟು ಶಾಖದ ಮೂರನೆಯ ಒಂದು ಪಾಲನ್ನು ನೀಗಿದ ಹಾಗಾಯಿತು. ವಿಂಡೋಸ್ ಇರುವ ಅನೇಕ ಯಂತ್ರಗಳಲ್ಲಿ ಸಂಸ್ಕಾರಕದ ಗರಿಷ್ಠ ಮಟ್ಟವನ್ನು ಶೇಕಡ 100ರಿಂದ 99ಕ್ಕೆ ಇಳಿಸಿದ ಮಾತ್ರಕ್ಕೆ ‘ಟರ್ಬೊ’ ಎಂಬ ನಾಗಾಲೋಟ ನಿಲ್ಲುತ್ತದೆ. ಪಾಠ ಓದಲು, ಪತ್ರ ಬರೆಯಲು ನಾಗಾಲೋಟವೇಕೆ?

ಇಷ್ಟೆಲ್ಲ ತೊಡಕು ಬರಿಯ ಸದ್ದಿಗಾಗಿ ಅಲ್ಲ. ಲಿಥಿಯಂ ಬ್ಯಾಟರಿಗೆ ಶಾಖವೇ ದೊಡ್ಡ ವೈರಿ. ಸದಾ ಬಿಸಿಯಲ್ಲಿ ಬೆಂದ ಬ್ಯಾಟರಿ ಬೇಗ ಮುಪ್ಪಾಗುತ್ತದೆ, ಕೆಲವೊಮ್ಮೆ ಉಬ್ಬಿಕೊಳ್ಳುತ್ತದೆ. ಉಬ್ಬಿದ ಬ್ಯಾಟರಿಯನ್ನು ಒಂದು ದಿನವೂ ಬಳಸಕೂಡದು. ಮೈಗೂ ಹಾನಿಯುಂಟು. ಸ್ವಿಟ್ಜರ್ಲೆಂಡಿನ ವೈದ್ಯರು 2010ರಲ್ಲಿ ‘ಪೀಡಿಯಾಟ್ರಿಕ್ಸ್’ ಪತ್ರಿಕೆಯಲ್ಲಿ ಹನ್ನೆರಡು ವರ್ಷದ ಒಬ್ಬ ಹುಡುಗನ ವಿಚಾರವನ್ನು ವರದಿಮಾಡಿದರು. ದಿನವೂ ಗಂಟೆಗಟ್ಟಲೆ, ತಿಂಗಳುಗಟ್ಟಲೆ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟು ಆಟವಾಡಿದ್ದರಿಂದ ಅವನ ಎಡತೊಡೆಯ ಚರ್ಮದ ಮೇಲೆ ಬಲೆಯಂಥ ಕಂದುಕಲೆ ಮೂಡಿತ್ತು. ಸುಡುವಷ್ಟು ಬಿಸಿಯಿಲ್ಲದಿದ್ದರೂ ದೀರ್ಘಕಾಲದ ಮಂದಶಾಖ ಇಷ್ಟನ್ನು ಮಾಡಬಲ್ಲದು. ಮಡಿಲ ಹೆಸರನ್ನು ಹೊತ್ತ ಯಂತ್ರವೇ ಆದರೂ ಅದರ ಜಾಗ ಮಡಿಲಲ್ಲ. ಮೇಜಿಲ್ಲದ ಮನೆಯಲ್ಲಿ ಚಾಪೆಯ ಮೇಲೆ ಕುಳಿತು ಓದುವವರಿಗೆ ಗಟ್ಟಿಯಾದ ಒಂದು ಮಣೆ ಬೇಕೇ ಬೇಕು; ಅಂಥವರಿಗೆ ತಂಪುಮಣೆ ತಕ್ಕ ವಸ್ತುವೇ, ಫ್ಯಾನು ತಿರುಗಲಿ ಬಿಡಲಿ.

ಕಲ್ಲಿನ ಚಪ್ಪಡಿಯ ಮಾತು

ಬಂಡೆಗಳ ನಾಡಿನಲ್ಲಿ ಇನ್ನೊಂದು ಪ್ರಶ್ನೆ ಸಹಜವಾಗಿ ಏಳುತ್ತದೆ. ತಣ್ಣನೆಯ ಕಲ್ಲಿನ ಚಪ್ಪಡಿಯ ಮೇಲೆ ಯಂತ್ರವನ್ನಿಟ್ಟರೆ ಆಗದೆ? ಇಲ್ಲಿಯ ಕಲ್ಲು ಸಾಮಾನ್ಯವಾದುದಲ್ಲ. ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿ ಕ್ಲೋಸ್‌ಪೇಟೆ ಎಂಬ ಹೆಸರಿತ್ತು; ಆ ಹೆಸರು ಊರಿನಿಂದ ಅಳಿದುಹೋದರೂ ಭೂವಿಜ್ಞಾನದಲ್ಲಿ ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂದು ಉಳಿದಿದೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದಾಳದಲ್ಲಿ ಘನೀಭವಿಸಿದ ಶಿಲೆ ಇದು. ಗ್ರಾನೈಟು ಮರಕ್ಕಿಂತ ಹದಿನೈದು ಇಪ್ಪತ್ತು ಪಟ್ಟು ಚೆನ್ನಾಗಿ ಶಾಖವನ್ನು ಒಯ್ಯುತ್ತದೆ, ತಾಮ್ರದ ಎದುರಿಗಾದರೋ ನೂರರಲ್ಲಿ ಒಂದು ಪಾಲೂ ಇಲ್ಲ. ಅದರ ಬಲವಿರುವುದು ಸಾಗಿಸುವುದರಲ್ಲಲ್ಲ, ಕೂಡಿಡುವುದರಲ್ಲಿ. ಮಾಗಡಿಯ ಬಳಿಯ ಸಾವನದುರ್ಗವನ್ನು ಬೇಸಗೆಯ ಸಂಜೆ ಬರಿಗಾಲಿನಲ್ಲಿ ಹತ್ತಿದವರಿಗೆ ಇದು ತಿಳಿದಿರುತ್ತದೆ. ಸೂರ್ಯ ಮುಳುಗಿ ಗಾಳಿ ತಂಪಾದ ಮೇಲೂ ಬಂಡೆ ಬಹಳ ಹೊತ್ತು ಬೆಚ್ಚಗೇ ಇರುತ್ತದೆ.

40 ಸೆಂಟಿಮೀಟರು ಉದ್ದ, 30 ಅಗಲ, 2 ದಪ್ಪದ ಒಂದು ಚಪ್ಪಡಿ ಆರು ಕಿಲೋಗ್ರಾಮಿಗೆ ಮೀರಿ ತೂಗುತ್ತದೆ. ಅದನ್ನು ಒಂದು ಡಿಗ್ರಿ ಕಾಯಿಸಲು ಸುಮಾರು 5,000 ಜೂಲು ಬೇಕು. ಯಂತ್ರದಿಂದ ಅದಕ್ಕೆ 10 ವಾಟ್ ಹರಿದರೆ ಗಂಟೆಗೆ ಏಳು ಡಿಗ್ರಿ ಕಾಯುತ್ತದೆ. ಎಂದರೆ ಒಂದೆರಡು ಗಂಟೆ ಅದು ಸಾಲ ಕೊಡುವ ಸಾಹುಕಾರ. ಆಮೇಲೆ ಅದೂ ಬಿಸಿ. ತಳದಿಂದ ಗಾಳಿ ಸೇದುವ ಯಂತ್ರಕ್ಕೆ ಚಪ್ಪಡಿಯೂ ಮೇಜಿನಂತೆಯೇ ಬಾಗಿಲನ್ನು ಮುಚ್ಚುವುದರಿಂದ ಅಲ್ಲಿ ಅದರಿಂದ ಉಪಕಾರವಿಲ್ಲ. ಆದರೆ ಫ್ಯಾನೇ ಇಲ್ಲದ ಲ್ಯಾಪ್‌ಟಾಪುಗಳು ಈಗ ಬಂದಿವೆ. ಆಪಲ್ ಸಂಸ್ಥೆಯು 2020ರ ನವೆಂಬರಿನಲ್ಲಿ ಹೊರತಂದ ಮ್ಯಾಕ್‌ಬುಕ್ ಏರ್ ಅಂಥದು. ಅದರ ಅಲ್ಯುಮಿನಿಯಂ ಮೈಯೇ ಶಾಖವನ್ನು ಚೆಲ್ಲುವ ರೆಕ್ಕೆ. ಅಂಥ ಯಂತ್ರದ ಕೆಳಗೆ ಊದುವ ಮಣೆಯೂ ಕೆಲಸಮಾಡುತ್ತದೆ, ನುಣುಪಾದ ಚಪ್ಪಡಿಯೂ ಮಾಡುತ್ತದೆ. ಚಪ್ಪಡಿಗೆ ವಿದ್ಯುತ್ತೂ ಬೇಡ, ಸದ್ದೂ ಇಲ್ಲ. ಕೆಲಸ ಮುಗಿದ ಬಳಿಕ ಅದನ್ನು ಗೋಡೆಗೆ ತಾಗಿಸದೆ ಅಂಚಿನ ಮೇಲೆ ನಿಲ್ಲಿಸಿಡಬೇಕು. ಎರಡು ಮುಖಗಳಿಂದಲೂ ರಾತ್ರಿಯ ಗಾಳಿಗೆ ಶಾಖವನ್ನು ಒಪ್ಪಿಸಿ, ಬೆಳಗಾಗುವ ವೇಳೆಗೆ ಅದು ಮತ್ತೆ ತಣ್ಣಗಾಗಿರುತ್ತದೆ.